ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ರೇಡಿಯೇಷನ್: ಪರಮಾಣು ಶಕ್ತಿ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಾರ್ಯದರ್ಶಿಗಳು,
ಪರಮಾಣು ಶಕ್ತಿ ಇಲಾಖೆ, ಭಾರತ ಸರ್ಕಾರ, ಮುಂಬೈ

ವಿಷಯ: ಫ್ಲ್ಯಾಶ್ ರೇಡಿಯೋಥೆರಪಿ ಸಂಶೋಧನೆಯಲ್ಲಿ ನಮ್ಮ ಬಾಯಿ ಕ್ಯಾನ್ಸರ್ ರೋಗಿಗಳನ್ನು ಮೊದಲು ನೆನೆಯಬೇಕೆಂಬ ಮನವಿ

ಮಾನ್ಯರೇ,

ನಾನು 31 ವರ್ಷ ರೇಡಿಯೋಥೆರಪಿ ಟೆಕ್ನಾಲಜಿಸ್ಟ್ ಆಗಿ ದುಡಿದು ನಿವೃತ್ತಳಾದವಳು. ಉತ್ತರ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ಮೊದಲು ಕೋಬಾಲ್ಟ್ ಯಂತ್ರ ನಡೆಸಿದೆ, ಆಮೇಲೆ ಲಿನಾಕ್, ಅಂದರೆ ವಿದ್ಯುತ್ತಿನಿಂದ ರೇಡಿಯೇಷನ್ ಹುಟ್ಟಿಸುವ ಯಂತ್ರ. ಡಾಕ್ಟರು ಡೋಸ್ ಬರೆಯುತ್ತಾರೆ, ಫಿಸಿಸಿಸ್ಟ್ ಪ್ಲಾನ್ ಮಾಡುತ್ತಾರೆ. ರೋಗಿಯನ್ನು ದಿನಾ ಟೇಬಲ್ ಮೇಲೆ ಮಲಗಿಸಿ, ಹೊರಗೆ ಬಂದು ಗುಂಡಿ ಒತ್ತಿ, ಕ್ಯಾಮೆರಾದಲ್ಲಿ ನೋಡುತ್ತಾ ಕೂರುವವರು ನಾವು. ಹಾಗಾಗಿ ಚಿಕಿತ್ಸೆಯ ನೋವು ಮೊದಲು ಕಣ್ಣಿಗೆ ಬೀಳುವುದೂ ನಮಗೇ.

ನಮ್ಮ ಕಡೆ ಇದಕ್ಕೆ "ಕರೆಂಟ್ ಕೊಡೋದು" ಅಂತಾರೆ. ಎಷ್ಟು ಸಿಟ್ಟಿಂಗ್, ಇನ್ನೆಷ್ಟು ಉಳಿದಿದೆ ಅನ್ನುವುದೇ ವೇಟಿಂಗ್ ಹಾಲ್‌ನ ಮಾತು. ಮೊದಲ ವಾರ ಎಲ್ಲರೂ ಧೈರ್ಯವಾಗಿರುತ್ತಾರೆ. ನೋವೇ ಆಗಲ್ಲ, ಸುಮ್ನೆ ಮಲಗಿ ಎದ್ದು ಬರುವುದು ಅಷ್ಟೇ. ಮೂರನೇ ವಾರದ ಹೊತ್ತಿಗೆ ಆ ಹಾಲ್ ಮೌನವಾಗುತ್ತದೆ. ಬಾಯಿ, ಗಂಟಲಿಗೆ ಕರೆಂಟ್ ಕೊಡಿಸಿಕೊಳ್ಳುವವರಿಗೆ ಮಾತಾಡಲು ಆಗುವುದಿಲ್ಲ.

ಒಬ್ಬರ ವಿಷಯ ಹೇಳಲೇಬೇಕು. ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಿದ್ದವರು. ನಲವತ್ತು ದಾಟಿ ಮೂರ್ನಾಲ್ಕು ವರ್ಷ ಆಗಿತ್ತು. ಇಪ್ಪತ್ತು ವರ್ಷ ಗುಟ್ಕಾ ಹಾಕಿದ ಗಲ್ಲದಲ್ಲೇ ಕ್ಯಾನ್ಸರ್ ಬಂದಿತ್ತು. ಆಪರೇಷನ್ ಆಗಿ, 30 ಸಿಟ್ಟಿಂಗ್‌ಗೆ ನಮ್ಮಲ್ಲಿಗೆ ಬಂದರು. ಅವರ ಮಾಸ್ಕ್ ಮಾಡಿದವಳು ನಾನೇ. ಬಿಸಿನೀರಲ್ಲಿ ಅದ್ದಿದ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆ ಎಳೆದು ಹಿಡಿದು, ಆರುವವರೆಗೆ ಕೈ ಬಿಡದೆ ನಿಲ್ಲಬೇಕು. ಆರಿದ ಮೇಲೆ ಅದು ಆ ಮನುಷ್ಯನ ಮುಖದ ಅಚ್ಚೇ ಆಗಿರುತ್ತದೆ. ಮೂಗಿನ ಗೆರೆ, ಗದ್ದದ ಗುಳಿ ಎಲ್ಲಾ ಅದರಲ್ಲಿ ಇರುತ್ತದೆ. ದಿನಾ ಅದನ್ನು ಹಾಕಿ ಟೇಬಲ್‌ಗೆ ಕ್ಲಿಪ್ ಮಾಡುತ್ತೇವೆ, ತಲೆ ಅಲುಗಾಡಬಾರದು ಅಂತ.

ನಾಲ್ಕನೇ ವಾರ ಮಾಸ್ಕ್ ಸಡಿಲವಾಯಿತು. ಮುಖ ಇಳಿದುಹೋಗಿತ್ತು. ಬಾಯಿ ಒಳಗೆಲ್ಲ ಬಿಳಿ ಪೊರೆ ಕಟ್ಟಿದ ಹುಣ್ಣು. ಅವರ ಹೆಂಡತಿ ಸ್ಟೀಲ್ ಡಬ್ಬಿಯಲ್ಲಿ ಗಂಜಿ ತರುತ್ತಿದ್ದರು, ಹಾಗೇ ವಾಪಸ್ ಒಯ್ಯುತ್ತಿದ್ದರು. ಒಂದು ದಿನ ಕ್ಲಿಪ್ ಬಿಚ್ಚುವಾಗ ಅವರು ನನ್ನ ಕೈ ಹಿಡಿದು ಹೇಳಿದರು, "ಅಕ್ಕಾರ, ರೊಟ್ಟಿ ಬ್ಯಾಡ್ರಿ. ನೀರ ಇಳದ್ರ ಸಾಕ್ರಿ." 22ನೇ ಸಿಟ್ಟಿಂಗ್ ಮುಗಿಸಿ ಊರಿಗೆ ಹೋದವರು ಮತ್ತೆ ಬರಲಿಲ್ಲ. ಆರು ತಿಂಗಳ ಮೇಲೆ ಬಂದಾಗ ಕುತ್ತಿಗೆಯಲ್ಲಿ ಗಂಟು ಬಂದಿತ್ತು.

ಅವರನ್ನು ಹೊಡೆದದ್ದು ಕ್ಯಾನ್ಸರ್ ಒಂದೇ ಅಂತ ನಾನು ಹೇಳಲಾರೆ. ಚಿಕಿತ್ಸೆ ಅವರನ್ನು ಓಡಿಸಿತು. ರೇಡಿಯೇಷನ್‌ಗೆ ಗಂಟು ಯಾವುದು, ಒಳ್ಳೆಯ ಮಾಂಸ ಯಾವುದು ಅಂತ ಗೊತ್ತಾಗುವುದಿಲ್ಲ. ಸುತ್ತಲಿನ ಚರ್ಮ, ನಾಲಿಗೆ, ಜೊಲ್ಲಿನ ಗ್ರಂಥಿ, ದವಡೆ ಮೂಳೆ ಎಲ್ಲದರ ಮೇಲೂ ಬೀಳುತ್ತದೆ. ಈಗಿನ ಲಿನಾಕ್‌ಗಳು ಎಷ್ಟೋ ಕೋನಗಳಿಂದ ಗುರಿಯಿಟ್ಟು ಅದನ್ನು ಕಡಿಮೆ ಮಾಡಿವೆ, ನಿಜ. ಆದರೂ ಗಂಟು ಇರುವುದೇ ಬಾಯಲ್ಲಾದರೆ ಬಾಯಿಯನ್ನು ಪೂರ್ತಿ ತಪ್ಪಿಸುವುದು ಹೇಗೆ? ಈ ದಿನಕ್ಕೂ ಬಾಯಿ ಕ್ಯಾನ್ಸರ್ ನಮ್ಮ ದೇಶದ ಗಂಡಸರಲ್ಲಿ ಅತಿ ಜಾಸ್ತಿ ಕಾಣುವ ಕ್ಯಾನ್ಸರ್.

ಇನ್ನು ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಅದು ಹೊತ್ತಿನ ವಿಷಯ.

ಕೋಬಾಲ್ಟ್ ಯಂತ್ರದಲ್ಲಿ ಕೆಲಸ ಮಾಡಿದವರಿಗೆ ಹೊತ್ತು ಅಂದರೆ ಏನು ಅಂತ ಗೊತ್ತು. ಕೋಬಾಲ್ಟ್ ಸೋರ್ಸ್, ಅಂದರೆ ಯಂತ್ರದೊಳಗೆ ರೇಡಿಯೇಷನ್ ಸೂಸುವ ಲೋಹ, ಸುಮಾರು ಐದೂಕಾಲು ವರ್ಷಕ್ಕೆ ಅರ್ಧ ಶಕ್ತಿಗೆ ಇಳಿಯುತ್ತದೆ. ಹೊಸ ಸೋರ್ಸ್ ಇದ್ದಾಗ ಎರಡು ನಿಮಿಷದ ಚಿಕಿತ್ಸೆ, ಸೋರ್ಸ್ ಹಳೆಯದಾದ ಮೇಲೆ ನಾಲ್ಕು ನಿಮಿಷ. ಪ್ರತಿ ತಿಂಗಳು ಟೈಮ್ ಚಾರ್ಟ್ ತಿದ್ದಿ ಗೋಡೆಗೆ ಅಂಟಿಸುತ್ತಿದ್ದೆವು. ನಮಗೆ ಕಲಿಸಿದ್ದು ಇಷ್ಟೇ: ಡೋಸ್ ಸರಿ ಇರಲಿ, ಎರಡು ನಿಮಿಷವೋ ನಾಲ್ಕು ನಿಮಿಷವೋ ಅದರಿಂದ ರೋಗಿಗೆ ವ್ಯತ್ಯಾಸ ಇಲ್ಲ. ಹೊತ್ತು ಅನ್ನುವುದು ಕ್ಯೂ ಎಷ್ಟು ಉದ್ದ ಬೆಳೆಯುತ್ತದೆ ಅನ್ನುವ ಲೆಕ್ಕ, ಅಷ್ಟೇ. ಎರಡಕ್ಕೂ ನಾಲ್ಕಕ್ಕೂ ನಡುವೆ ಆ ಪಾಠ ಸರಿ. ಆದರೆ ಅದೇ ಡೋಸನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕೊಟ್ಟರೆ? ಆಗ ಹೊತ್ತೇ ಔಷಧವಾಗಬಹುದು ಅನ್ನುವ ಸುಳಿವು ಸಿಕ್ಕಿದೆ. ಇದಕ್ಕೇ ಫ್ಲ್ಯಾಶ್ ರೇಡಿಯೋಥೆರಪಿ ಅಂತ ಹೆಸರು.

ಸುಳಿವು ಹಳೆಯದು. 1959ರಲ್ಲೇ ಡ್ಯೂಯಿ ಮತ್ತು ಬೋಗ್ ಅನ್ನುವ ಇಬ್ಬರು ವಿಜ್ಞಾನಿಗಳು ಬ್ಯಾಕ್ಟೀರಿಯಾಗಳಿಗೆ ಅತಿ ವೇಗದಲ್ಲಿ ರೇಡಿಯೇಷನ್ ಕೊಟ್ಟು, ಅಂದುಕೊಂಡಷ್ಟು ಸಾಯುತ್ತಿಲ್ಲ ಅಂತ ನೇಚರ್ ಪತ್ರಿಕೆಯಲ್ಲಿ ಬರೆದರು. 1971ರಲ್ಲಿ ಇಲಿಗಳ ಕರುಳಿನಲ್ಲೂ ಅಂಥದ್ದೇ ಕಂಡಿತು. ಆಮೇಲೆ ದಶಕಗಟ್ಟಲೆ ಅದನ್ನು ಹೆಚ್ಚು ಜನ ಕೈಗೆತ್ತಿಕೊಳ್ಳಲಿಲ್ಲ. 2014ರಲ್ಲಿ ಫ್ರಾನ್ಸ್‌ನ ಕ್ಯೂರಿ ಸಂಸ್ಥೆಯ ವಿನ್ಸೆಂಟ್ ಫಾವೊಡೊನ್ ಮತ್ತು ಸಂಗಡಿಗರು ಇಲಿಗಳ ಎದೆಗೆ ಎರಡು ಥರದಲ್ಲಿ ರೇಡಿಯೇಷನ್ ಕೊಟ್ಟರು. ಮಾಮೂಲಿ ನಿಧಾನದ ವೇಗದಲ್ಲಿ 15 ಗ್ರೇ (ಗ್ರೇ ಅಂದರೆ ರೇಡಿಯೇಷನ್ ಡೋಸಿನ ಅಳತೆ) ಕೊಟ್ಟ ಇಲಿಗಳ ಶ್ವಾಸಕೋಶ ನಾರುಗಟ್ಟಿತು. ಸೆಕೆಂಡಿಗೆ 40 ಗ್ರೇ ಮೀರಿದ ವೇಗದಲ್ಲಿ ಕೊಟ್ಟಾಗ, 20 ಗ್ರೇಗಿಂತ ಕಡಿಮೆ ಡೋಸ್‌ಗಳಲ್ಲಿ, 36 ವಾರ ಕಳೆದರೂ ಆ ತೊಂದರೆ ಬರಲಿಲ್ಲ. ಗಂಟಿನ ಬೆಳವಣಿಗೆ ಮಾತ್ರ ಎರಡರಲ್ಲೂ ಒಂದೇ ಥರ ನಿಂತಿತು.

ಈ ಕೊನೆಯ ವಾಕ್ಯ ಓದಿದಾಗ ನಾನು ಕನ್ನಡಕ ತೆಗೆದು ಇಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಒಳ್ಳೆಯ ಮಾಂಸ ಉಳಿಯಿತು, ಗಂಟಿಗೆ ಬಿದ್ದ ಪೆಟ್ಟು ಕಡಿಮೆ ಆಗಲಿಲ್ಲ. ನನ್ನ ಇಡೀ ನೌಕರಿಯಲ್ಲಿ ಒಂದನ್ನು ಹಿಡಿದರೆ ಇನ್ನೊಂದು ಬಿಟ್ಟು ಹೋಗುವುದನ್ನೇ ನೋಡಿದ್ದೆ.

2017ರಲ್ಲಿ ಇಲಿಗಳ ಮೆದುಳಿಗೆ 10 ಗ್ರೇ ಕೊಟ್ಟು ನೋಡಿದರು. ಸೆಕೆಂಡಿಗೆ 100 ಗ್ರೇ ಮೀರಿದ ವೇಗದಲ್ಲಿ ಕೊಟ್ಟ ಇಲಿಗಳಿಗೆ ಎರಡು ತಿಂಗಳ ಮೇಲೂ ನೆನಪು ಉಳಿದಿತ್ತು. 2018ರಲ್ಲಿ ಸ್ವಿಟ್ಜರ್ಲೆಂಡ್‌ನ ಲೊಸಾನ್ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಜಾನ್ ಬೂರಿಸ್ ಅವರ ತಂಡ ಮೊದಲ ಸಲ ಮನುಷ್ಯನಿಗೆ ಕೊಟ್ಟಿತು. 75 ವರ್ಷದ ರೋಗಿ, ಚರ್ಮದಲ್ಲಿ ಹಬ್ಬಿದ ಲಿಂಫೋಮಾ ಅನ್ನುವ ಕ್ಯಾನ್ಸರ್. ಅದಕ್ಕೂ ಮೊದಲು ಬೇರೆ ಬೇರೆ ಜಾಗಗಳಿಗೆ ನೂರಕ್ಕೂ ಜಾಸ್ತಿ ಸಲ ರೇಡಿಯೇಷನ್ ಆಗಿತ್ತು, ಚರ್ಮ ಸೋತುಹೋಗಿತ್ತು. ಮೂರೂವರೆ ಸೆಂಟಿಮೀಟರ್ ಗಂಟಿಗೆ 15 ಗ್ರೇ ಕೊಟ್ಟರು. ಹತ್ತು ಪಲ್ಸ್, ಒಟ್ಟು 90 ಮಿಲಿಸೆಕೆಂಡ್. ಗಂಟು ಕರಗಿತು, ಚರ್ಮ ಸ್ವಲ್ಪ ಕೆಂಪಾಗಿ ಸರಿಹೋಯಿತು.

ಹೀಗೆ ಆಗಲು ಕಾರಣ ಏನು ಅಂತ ಕೇಳಿದರೆ ವಿಜ್ಞಾನಿಗಳು ಇನ್ನೂ ಒಂದೇ ಮಾತು ಹೇಳುತ್ತಿಲ್ಲ. ಮೊದಲು ಆಕ್ಸಿಜನ್ ಕಾರಣ ಅಂದರು. ರೇಡಿಯೇಷನ್ ಜೀವಕೋಶದ ನೀರನ್ನು ಒಡೆದು ಪುಂಡ ಕಣಗಳನ್ನು ಹುಟ್ಟಿಸುತ್ತದೆ. ಅವು ಮಾಡಿದ ಗಾಯವನ್ನು ಆಕ್ಸಿಜನ್ ಗಟ್ಟಿ ಮಾಡುತ್ತದೆ, ರಿಪೇರಿಯಾಗದ ಹಾಗೆ. ಒಮ್ಮೆಲೇ ಎಲ್ಲಾ ಡೋಸ್ ಬಿದ್ದರೆ ಅಲ್ಲಿನ ಆಕ್ಸಿಜನ್ ಆ ಕ್ಷಣಕ್ಕೆ ಖಾಲಿಯಾಗಿ ಗಾಯ ಕಡಿಮೆ ಆಗುತ್ತದೆ ಅನ್ನುವುದು ಲೆಕ್ಕಾಚಾರ. ಆಮೇಲೆ ಅಳೆದು ನೋಡಿದರೆ ಆಕ್ಸಿಜನ್ ಅಷ್ಟೊಂದು ಇಳಿಯುವುದೇ ಇಲ್ಲ ಅಂತ ಗೊತ್ತಾಯಿತು. ಈಗ ಬೇರೆ ವಿವರಣೆಗಳಿವೆ. ಸಂತೆ ಬಾಗಿಲಲ್ಲಿ ಒಬ್ಬೊಬ್ಬರೇ ಬಂದರೆ ಎಲ್ಲರೂ ಅಂಗಡಿ ಮುಟ್ಟುತ್ತಾರೆ, ಒಮ್ಮೆಲೇ ಸಾವಿರ ಜನ ನುಗ್ಗಿದರೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಪುಂಡ ಕಣಗಳೂ ಹಾಗೆ ಒಂದಕ್ಕೊಂದು ಸೇರಿ ಸುಮ್ಮನಾಗುತ್ತವೆ ಅಂತ ಕೆಲವರು ಹೇಳುತ್ತಾರೆ. ಉಳಿದ ಕಸವನ್ನು ಗುಡಿಸುವುದರಲ್ಲಿ ಒಳ್ಳೆಯ ಜೀವಕೋಶ ಚುರುಕು, ಕ್ಯಾನ್ಸರ್ ಜೀವಕೋಶ ಅಷ್ಟಿಲ್ಲ ಅನ್ನುವವರೂ ಇದ್ದಾರೆ. ಅಷ್ಟು ಕಡಿಮೆ ಹೊತ್ತಿನಲ್ಲಿ ಆ ಜಾಗದಲ್ಲಿ ಹರಿದು ಹೋಗುವ ರಕ್ತವೂ ಕಡಿಮೆ, ಹಾಗಾಗಿ ರಕ್ತದಲ್ಲಿನ ರಕ್ಷಣಾ ಕಣಗಳು ಉಳಿಯುತ್ತವೆ ಅನ್ನುವ ವಾದವೂ ಇದೆ.

ಮಾನ್ಯರೇ, ಇಷ್ಟೆಲ್ಲ ಆಸೆಯಿಂದ ಬರೆಯುತ್ತಿರುವವಳು ಇದರ ಇನ್ನೊಂದು ಮುಖವನ್ನೂ ಬರೆಯಬೇಕು. ಇಲ್ಲದಿದ್ದರೆ ನಾನೂ ಸುಳ್ಳು ಹೇಳಿದ ಹಾಗಾಗುತ್ತದೆ.

ಲೊಸಾನ್‌ನ ಅದೇ ರೋಗಿಗೆ ಮುಂದೆ ಎರಡು ಗಂಟುಗಳಿಗೆ ಎರಡು ವೇಗದಲ್ಲಿ ಕೊಟ್ಟು ಹೋಲಿಸಿದರು. ಚರ್ಮದ ಮೇಲೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಸಿನ್ಸಿನ್ನಾಟಿಯಲ್ಲಿ ಮೂಳೆಗೆ ಹಬ್ಬಿದ ಕ್ಯಾನ್ಸರ್ ಇದ್ದ 10 ಜನರಿಗೆ ಕೈಕಾಲುಗಳಲ್ಲಿ ಪ್ರೋಟಾನ್ ಕಣಗಳಿಂದ ಫ್ಲ್ಯಾಶ್ ಕೊಟ್ಟರು, ಒಂದೇ ಸಲ 8 ಗ್ರೇ. ಹನ್ನೆರಡು ಜಾಗಗಳಲ್ಲಿ ಎಂಟರಲ್ಲಿ ನೋವು ಕಡಿಮೆಯಾಯಿತು. ಅದು ಒಳ್ಳೆಯ ಸುದ್ದಿಯೇ. ಆದರೆ ಮಾಮೂಲಿ ವೇಗದಲ್ಲೂ ಒಂದೇ ಸಲದ 8 ಗ್ರೇ ನೋವು ಕಡಿಮೆ ಮಾಡುತ್ತದೆ. ನಾವೇ ಎಷ್ಟೋ ಜನಕ್ಕೆ ಕೊಟ್ಟಿದ್ದೇವೆ. ಆಸ್ಪತ್ರೆಯಲ್ಲಿ ಇದನ್ನು ಕೊಡಲು ಸಾಧ್ಯ ಅಂತ ಅದು ತೋರಿಸಿತು. ಒಳ್ಳೆಯ ಮಾಂಸ ಉಳಿಯುತ್ತದೆ ಅಂತ ತೋರಿಸಲಿಲ್ಲ.

ನನ್ನನ್ನು ತುಂಬಾ ಕಾಡಿದ್ದು ಬೆಕ್ಕುಗಳ ವಿಷಯ. ಮೂಗಿನ ತುದಿಯಲ್ಲಿ ತಾನಾಗಿ ಕ್ಯಾನ್ಸರ್ ಬಂದ ಸಾಕು ಬೆಕ್ಕುಗಳಿಗೆ ಫ್ಲ್ಯಾಶ್ ಕೊಟ್ಟಿದ್ದರು. ಮೊದಲ ಆರು ಬೆಕ್ಕುಗಳಲ್ಲಿ ಫಲಿತಾಂಶ ಚೆನ್ನಾಗಿತ್ತು. ಮುಂದೆ ಸ್ವಿಟ್ಜರ್ಲೆಂಡ್‌ನಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಒಂದೇ ಸಲ 30 ಗ್ರೇ ಕೊಟ್ಟ ಏಳು ಬೆಕ್ಕುಗಳಲ್ಲಿ ಮೂರಕ್ಕೆ ತಿಂಗಳುಗಳ ಮೇಲೆ ಮೂಳೆ ಸತ್ತುಹೋಯಿತು. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. 2022ರಲ್ಲಿ ಅದನ್ನು ಮುಚ್ಚಿಡದೆ ಬರೆದು ಪ್ರಕಟಿಸಿದರು, ಅದಕ್ಕೆ ಅವರಿಗೆ ಕೈ ಮುಗಿಯಬೇಕು. ಬಾಯಿಗೆ ಕರೆಂಟ್ ಕೊಡಿಸಿಕೊಂಡು ಎರಡು ಮೂರು ವರ್ಷದ ಮೇಲೆ ಹಲ್ಲು ಕೀಳಿಸಿ, ದವಡೆ ಮೂಳೆ ಹೊರಗೆ ಕಾಣುವಂತಾಗಿ ಬಂದವರನ್ನು ನಾನು ನೋಡಿದ್ದೇನೆ. ಆ ವಾಸನೆ ಮರೆಯಲು ಆಗುವುದಿಲ್ಲ. ಮೂಳೆ ಪಕ್ಕದಲ್ಲೇ ಇರುವ ಬಾಯಿ ಕ್ಯಾನ್ಸರ್‌ಗೆ ಇದನ್ನು ತರುವ ಮುಂಚೆ ಆ ಮೂರು ಬೆಕ್ಕುಗಳನ್ನು ಎಲ್ಲರೂ ನೆನೆಯಬೇಕು.

ಇನ್ನೊಂದು ಭಯ ನಮ್ಮಂಥ ಟೆಕ್ನಾಲಜಿಸ್ಟ್‌ಗಳದ್ದು. ಈಗ ರೋಗಿ ಕೆಮ್ಮಿದರೆ, ಕೈ ಎತ್ತಿದರೆ, ನಾನು ಬೀಮ್ ಆಫ್ ಒತ್ತುತ್ತೇನೆ. ಎಷ್ಟು ಸಲ ಒತ್ತಿದ್ದೇನೋ ಲೆಕ್ಕವಿಲ್ಲ. 90 ಮಿಲಿಸೆಕೆಂಡಿನಲ್ಲಿ ಎಂಥ ಚುರುಕಿನ ಕೈಯೂ ಆ ಗುಂಡಿ ತಲುಪುವುದಿಲ್ಲ. ಜೊತೆಗೆ ಡೋಸ್ ಅಳೆಯಲು ನಾವು ನಂಬಿರುವ ಅಯಾನ್ ಚೇಂಬರ್ ಆ ವೇಗದಲ್ಲಿ ತಬ್ಬಿಬ್ಬಾಗಿ, ಬಿದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಯಂತ್ರವೇ ತನ್ನನ್ನು ತಾನು ಕಾಯಬೇಕು. ಅಳತೆಯ ಹೊಸ ಸಾಧನ, ಹೊಸ ನಿಯಮ, ಹೊಸ ತರಬೇತಿ ಇಲ್ಲದೆ ಇದಕ್ಕೆ ಯಾರೂ ಕೈ ಹಾಕಬಾರದು.

ಹೀಗಿರುವಾಗ ಇದನ್ನು ಈಗಲೇ ಮಾರುವವರು ಹುಟ್ಟಿಕೊಂಡಿದ್ದಾರೆ. ನನಗೆ ಪರಿಚಯದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ದಳು. ಗಂಡನಿಗೆ ನಾಲಿಗೆ ಕ್ಯಾನ್ಸರ್. "ಫ್ಲ್ಯಾಶ್ ಮಷಿನ್ ಐತಿ, ನಾಲ್ಕೇ ಸಿಟ್ಟಿಂಗ್, ಸೈಡ್ ಎಫೆಕ್ಟ್ ಇಲ್ಲ" ಅಂತ ಯಾವನೋ ಏಜೆಂಟ್ ಹೇಳಿದ್ದನಂತೆ. ಎರಡು ಎಕರೆ ಅಡ ಇಡಲು ಮಾತಾಡಿದ್ದರು. ನಾನು ಯಂತ್ರದ ಮಾಡೆಲ್ ಕೇಳಿ ನೋಡಿದೆ. ಅದು ಮಾಮೂಲಿ ಲಿನಾಕ್, ಸ್ವಲ್ಪ ವೇಗದ್ದು. ಇವತ್ತು ಆಸ್ಪತ್ರೆಗಳಲ್ಲಿ ಓಡುತ್ತಿರುವ ಅತಿ ವೇಗದ ಲಿನಾಕ್ ಕೂಡ ನಿಮಿಷಕ್ಕೆ ಸುಮಾರು 24 ಗ್ರೇ ಕೊಡುತ್ತದೆ, ಅಂದರೆ ಸೆಕೆಂಡಿಗೆ 0.4. ಫ್ಲ್ಯಾಶ್ ಶುರುವಾಗುವುದೇ ಅದರ ನೂರು ಪಟ್ಟಿನಿಂದ. ಆ ಹೆಣ್ಣುಮಗಳಿಗೆ ಇದನ್ನು ಹೇಳಲು ಒಬ್ಬ ಪರಿಚಯದವಳು ಇದ್ದಳು. ಇಲ್ಲದವರ ಗತಿ?

ಮಾನ್ಯರೇ, ನಿಮಗೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈ ಕೆಲಸಕ್ಕೆ ಬೇಕಾದ ಎರಡೂ ಕೈ ನಿಮ್ಮ ಒಂದೇ ಮನೆಯಲ್ಲಿವೆ. ಸ್ವಿಟ್ಜರ್ಲೆಂಡ್‌ನಲ್ಲಿ ಲೊಸಾನ್ ಆಸ್ಪತ್ರೆಯವರು ಸೆರ್ನ್ ಅನ್ನುವ ಭೌತವಿಜ್ಞಾನ ಪ್ರಯೋಗಾಲಯದ ಬಾಗಿಲು ತಟ್ಟಬೇಕಾಯಿತು. ಮಾಮೂಲಿ ಎಲೆಕ್ಟ್ರಾನ್ ಕಿರಣ ಕೆಲವೇ ಸೆಂಟಿಮೀಟರ್ ಆಳ ಹೋಗುತ್ತದೆ, ಚರ್ಮದ ಕ್ಯಾನ್ಸರ್‌ಗೆ ಸಾಕು, ಒಳಗಿನ ಗಂಟಿಗೆ ಸಾಲದು. ಒಳಗೆ ಹೋಗಲು 100 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಮೀರಿದ ಕಿರಣ ಬೇಕು. ಕಣ ಓಡಿಸುವುದರಲ್ಲಿ ಪಳಗಿದ ಸೆರ್ನ್ ಜೊತೆ ಸೇರಿ ಅಂಥ ಯಂತ್ರ ಕಟ್ಟುವ ಯೋಜನೆಯನ್ನು ಅವರು 2020ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಟಾಟಾ ಮೆಮೋರಿಯಲ್ ಸೆಂಟರ್ ನಿಮ್ಮ ಇಲಾಖೆಯದೇ. ಖಾರ್ಘರ್‌ನಲ್ಲಿ 2023ರಿಂದ ರೋಗಿಗಳಿಗೆ ಪ್ರೋಟಾನ್ ಕೊಡುತ್ತಿರುವ ಕೇಂದ್ರ ನಿಮ್ಮದೇ. ಬಾರ್ಕ್, ಅಂದರೆ ಭಾಭಾ ಪರಮಾಣು ಸಂಶೋಧನಾ ಕೇಂದ್ರ, ನಿಮ್ಮದು. ಇಂದೋರ್‌ನ ಆಕ್ಸೆಲರೇಟರ್ ಕೇಂದ್ರ ನಿಮ್ಮದು. ನಮ್ಮ ತುಮಕೂರು ಕಡೆ ಹುಟ್ಟಿದ ರಾಜಾ ರಾಮಣ್ಣ ಅವರ ಹೆಸರು ಅದಕ್ಕಿದೆ. ಅಲ್ಲಿ ಎಲೆಕ್ಟ್ರಾನ್‌ಗಳನ್ನು 2.5 ಬಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ವರೆಗೆ ಓಡಿಸುವ ಇಂಡಸ್-2 ಯಂತ್ರ ಇದೆ.

ನಿಮ್ಮವರು ಇಂಥದ್ದನ್ನು ಮಾಡಿ ತೋರಿಸಿದ್ದೂ ಇದೆ. ವಿದೇಶಿ ಕೋಬಾಲ್ಟ್ ಯಂತ್ರದ ಬೆಲೆ ನಮ್ಮ ಜಿಲ್ಲಾ ಆಸ್ಪತ್ರೆಗಳ ಕೈಗೆಟುಕದೆ ಇದ್ದಾಗ ಬಾರ್ಕ್‌ನವರು ಭಾಭಾಟ್ರಾನ್ ರೂಪಿಸಿದರು, ಬೆಂಗಳೂರಿನ ಪನೇಸಿಯಾ ಕಂಪನಿ ಅದನ್ನು ಕಟ್ಟಿಕೊಟ್ಟಿತು. ಆ ಯಂತ್ರ ನಮ್ಮ ದೇಶದ ಎಷ್ಟೋ ಆಸ್ಪತ್ರೆಗಳಿಗೆ, ಹೊರದೇಶಗಳಿಗೂ ಹೋಯಿತು. ವಿಜ್ಞಾನಿ ಮತ್ತು ಡಾಕ್ಟರು ಒಂದೇ ಮೇಜಿನ ಸುತ್ತ ಕೂತರೆ ಏನಾಗುತ್ತದೆ ಅನ್ನುವುದನ್ನು ನಿಮ್ಮ ಇಲಾಖೆಗೆ ನಾನು ಹೇಳಬೇಕಿಲ್ಲ.

ಅದಕ್ಕೇ ನನ್ನ ಮೊದಲ ಕೋರಿಕೆ. ಟಾಟಾ ಮೆಮೋರಿಯಲ್, ಬಾರ್ಕ್, ಇಂದೋರ್ ಮೂರನ್ನೂ ಸೇರಿಸಿ ಫ್ಲ್ಯಾಶ್ ಸಂಶೋಧನೆಗೆ ಅಂತಲೇ ಒಂದು ಕಾಯಂ ತಂಡ ಕಟ್ಟಿ. ಅದಕ್ಕೆ ಕೊಡುವ ಮೊದಲ ಪ್ರಶ್ನೆ ನಮ್ಮದಾಗಿರಲಿ: ಬಾಯಿ ಒಳಗಿನ ಪೊರೆ, ಜೊಲ್ಲಿನ ಗ್ರಂಥಿ, ದವಡೆ ಮೂಳೆ ಇವು ಉಳಿಯುತ್ತವೆಯೇ, ಎಷ್ಟು ಡೋಸ್‌ವರೆಗೆ, ಎಷ್ಟು ಕಂತಿನಲ್ಲಿ? ಯುರೋಪಿನವರು ತಮ್ಮಲ್ಲಿ ಜಾಸ್ತಿ ಇರುವ ಚರ್ಮದ ಮೆಲನೋಮಾದಿಂದ ಶುರು ಮಾಡಿದ್ದಾರೆ. ಅದು ಅವರಿಗೆ ಸರಿ. ಎಲೆಅಡಿಕೆ, ತಂಬಾಕು, ಗುಟ್ಕಾದ ನಮ್ಮ ಬಾಯಿಗಳ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು ಅಲ್ವಾ?

ಇದಕ್ಕೆ ಮೊದಲ ದಿನವೇ ನೂರಾರು ಕೋಟಿ ಬೇಕಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ, ಸ್ವೀಡನ್‌ನ ಲುಂಡ್‌ನಲ್ಲಿ ಆಸ್ಪತ್ರೆಯ ಮಾಮೂಲಿ ಲಿನಾಕನ್ನೇ ಮಾರ್ಪಡಿಸಿ ಎಲೆಕ್ಟ್ರಾನ್ ಫ್ಲ್ಯಾಶ್ ತೆಗೆದರು. ಲಿನಾಕ್ ಬಲ್ಲವರಿಗೆ ಇದು ಅರ್ಥವಾಗುತ್ತದೆ. ಎಕ್ಸ್‌ರೇ ಮಾಡಲು ಯಂತ್ರ ಟಾರ್ಗೆಟ್‌ಗೆ ಹೊಡೆಯುವ ಎಲೆಕ್ಟ್ರಾನ್ ಧಾರೆ ತುಂಬಾ ಜೋರಾದದ್ದು. ಟಾರ್ಗೆಟ್ ಸರಿಸಿ ಅದೇ ಧಾರೆಯನ್ನು ನೇರ ಹೊರಗೆ ಬಿಟ್ಟರೆ ಆ ವೇಗ ಸಿಗುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಹತ್ತು ಹದಿನೈದು ವರ್ಷ ದುಡಿದ ಲಿನಾಕ್‌ಗಳನ್ನು ಕಂಡೆಮ್ ಮಾಡಿ ಗುಜರಿಗೆ ಹಾಕುತ್ತಾರೆ. ನಾನು ಹನ್ನೆರಡು ವರ್ಷ ನಡೆಸಿದ ಯಂತ್ರ ಬಿಚ್ಚಿ ಲಾರಿಗೆ ಏರಿಸುವಾಗ ನಾನು ಅಲ್ಲೇ ನಿಂತಿದ್ದೆ. ಅಂಥ ಒಂದೆರಡನ್ನು ಬಂಕರ್ (ಯಂತ್ರ ಇಡುವ ದಪ್ಪ ಗೋಡೆಯ ಕೋಣೆ) ಸಮೇತ ಸಂಶೋಧನೆಗೆ ಉಳಿಸಿಕೊಳ್ಳಿ. ರೋಗಿಗಳಿಗೆ ಬೇಡ, ಜೀವಕೋಶ ಮತ್ತು ಪ್ರಾಣಿಗಳ ಅಧ್ಯಯನಕ್ಕೆ. ಹೆಬ್ಬಾಳ ಮತ್ತು ಬೀದರ್‌ನ ಪಶುವೈದ್ಯ ಕಾಲೇಜುಗಳಿಗೆ ತಾನಾಗಿ ಕ್ಯಾನ್ಸರ್ ಬಂದ ನಾಯಿ, ದನಗಳು ಬರುತ್ತವೆ. ಸ್ವಿಸ್ ಬೆಕ್ಕುಗಳು ಕಲಿಸಿದ್ದನ್ನು ಅವುಗಳ ಚಿಕಿತ್ಸೆಯಲ್ಲಿ ಎಚ್ಚರದಿಂದ ಮುಂದುವರಿಸಬಹುದು. ವಾಸಿಯಾದರೆ ಅವಕ್ಕೂ ಒಳ್ಳೆಯದು. ಆದರೆ ಎರಡು ವರ್ಷವಾದರೂ ಬೆನ್ನು ಹತ್ತಿ ನೋಡಬೇಕು, ಮೂಳೆಯ ತೊಂದರೆ ಬರುವುದೇ ತಡವಾಗಿ.

ಜೊತೆಜೊತೆಗೆ ಈಗಲೇ ಒಂದು ನಿಯಮ ಬೇಕು. ಅನುಮತಿ ಪಡೆದ ಪ್ರಯೋಗದ ಹೊರಗೆ ಯಾರೂ "ಫ್ಲ್ಯಾಶ್" ಅನ್ನುವ ಹೆಸರಿನಲ್ಲಿ ಚಿಕಿತ್ಸೆ ಮಾರಬಾರದು ಅಂತ. ಯಂತ್ರಗಳಿಗೆ ಪರವಾನಗಿ ಕೊಡುವ ಎಇಆರ್‌ಬಿ ಜೊತೆ ಮಾತಾಡಿ ಇದನ್ನು ಮಾಡಿಸಿ. ಸಂಶೋಧನೆ ಎಲ್ಲಿಯವರೆಗೆ ಬಂದಿದೆ ಅನ್ನುವುದನ್ನು ವರ್ಷಕ್ಕೊಮ್ಮೆ ಎರಡು ಪುಟದಲ್ಲಿ ಕನ್ನಡದಲ್ಲೂ, ಉಳಿದ ಭಾಷೆಗಳಲ್ಲೂ ಹೊರತನ್ನಿ. ಅದನ್ನು ಪ್ರತಿ ರೇಡಿಯೋಥೆರಪಿ ವಿಭಾಗದ ಗೋಡೆಗೆ ಅಂಟಿಸಲಿ, ನಾವು ಕೋಬಾಲ್ಟ್ ಚಾರ್ಟ್ ಅಂಟಿಸುತ್ತಿದ್ದ ಹಾಗೆ.

ಮುಂದೆ ಯಾವತ್ತಾದರೂ ಮನುಷ್ಯರ ಮೇಲೆ ಪ್ರಯೋಗ ಶುರುವಾದರೆ ಅದು ಮುಂಬೈಗೆ ಹೋಗಬಲ್ಲವರಿಗೆ ಮಾತ್ರ ಸಿಗುವಂತಾಗಬಾರದು. ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಮೂಲಕ ನೂರಾರು ಆಸ್ಪತ್ರೆಗಳು ಟಾಟಾ ಮೆಮೋರಿಯಲ್ ಜೊತೆ ಸೇರಿವೆ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಆಸ್ಪತ್ರೆಗಳ ರೋಗಿಗಳಿಗೂ ಜಾಗ ಇರಲಿ. ಹಾಗೇ, ಬಡವ ಅನ್ನುವ ಕಾರಣಕ್ಕೆ ಯಾರನ್ನೂ ಪ್ರಯೋಗಕ್ಕೆ ಎಳೆಯಬಾರದು. ಇಂಗ್ಲಿಷ್ ಫಾರ್ಮ್‌ಗೆ ಹೆಬ್ಬೆಟ್ಟು ಒತ್ತಿದವರನ್ನು ನಾನು ತುಂಬಾ ನೋಡಿದ್ದೇನೆ. ಕೆಲವರ ಹೆಬ್ಬೆರಳು ಹಿಡಿದು ಮಸಿ ಪ್ಯಾಡ್‌ಗೆ ಒತ್ತಿಸಿದ್ದು ನನ್ನ ಕೈಯೇ. ಅದು ಸರಿಯಲ್ಲ ಅಂತ ಆಗಲೇ ಅನ್ನಿಸುತ್ತಿತ್ತು, ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಕೊನೆಯದಾಗಿ ಇವತ್ತಿನ ರೋಗಿಗಳ ಮಾತು. ಫ್ಲ್ಯಾಶ್ ಬಂದರೂ ವರ್ಷಗಟ್ಟಲೆ ಆಗುತ್ತದೆ. ಈ ಸೋಮವಾರ ಮಾಸ್ಕ್ ಹಾಕಿಸಿಕೊಳ್ಳುವವರಿಗೆ ಅದು ಸಿಗುವುದಿಲ್ಲ. ಅವರಿಗೆ ಬೇಕಾದದ್ದು ದೊಡ್ಡ ವಿಜ್ಞಾನವೇನೂ ಅಲ್ಲ. ಕರೆಂಟ್ ಶುರುವಾಗುವ ಮುಂಚೆ ಹಲ್ಲಿನ ಡಾಕ್ಟರು ನೋಡಬೇಕು. ನುಂಗಲು ಆಗದಿದ್ದಾಗ ಮೂಗಿನ ನಳಿಕೆ ಹಾಕಿ ಊಟ ಕೊಡುವುದನ್ನು ಮನೆಯವರಿಗೆ ಕಲಿಸಬೇಕು. ನೋವಿಗೆ ಸರಿಯಾದ ಔಷಧ ಸಿಗಬೇಕು, ಮಾರ್ಫಿನ್ ಬೇಕಾದರೆ ಮಾರ್ಫಿನ್. ಆರು ವಾರ ಉಳಿಯಲು ಆಸ್ಪತ್ರೆ ಹತ್ತಿರ ಒಂದು ಕೋಣೆ ಬೇಕು. ಎರಡು ದಿನ ಬರದಿದ್ದರೆ ಫೋನ್ ಮಾಡಿ ಕೇಳುವ ಒಬ್ಬ ಮನುಷ್ಯ ಬೇಕು. ನಮ್ಮ ಹಮಾಲಿಗೆ ಯಾರೂ ಫೋನ್ ಮಾಡಲಿಲ್ಲ. ಗ್ರಿಡ್‌ನ ಎಲ್ಲಾ ಆಸ್ಪತ್ರೆಗಳಲ್ಲೂ ಇಷ್ಟು ಇರಲೇಬೇಕು ಅಂತ ನೀವು ಒಂದು ಸೂಚನೆ ಕೊಟ್ಟರೆ ಸಾಕು. ಅರ್ಧಕ್ಕೆ ಬಿಟ್ಟು ಹೋದವರ ಲೆಕ್ಕವನ್ನೂ ಪ್ರತಿ ಆಸ್ಪತ್ರೆ ಇಡಲಿ. ಎಷ್ಟು ಜನಕ್ಕೆ ಕೊಟ್ಟೆವು ಅನ್ನುವ ಲೆಕ್ಕ ಮಾತ್ರ ನಾವು ಮೇಲೆ ಕಳಿಸುತ್ತಿದ್ದೆವು.

ಆ ಹಮಾಲಿಯವರ ಮಾಸ್ಕ್ ನಮ್ಮ ಕಪಾಟಿನಲ್ಲಿ ತುಂಬಾ ದಿನ ಇತ್ತು. ಹಣೆಯ ಮೇಲೆ ಪ್ಲಾಸ್ಟರ್ ಅಂಟಿಸಿ ಹೆಸರು, ನಂಬರ್ ಬರೆದಿದ್ದೆ. ಚಿಕಿತ್ಸೆ ಮುಗಿದವರ ಮಾಸ್ಕ್ ಕೆಳಗಿಡುತ್ತೇವೆ. ಅದನ್ನು ತೆಗೆಯಲು ನನಗೆ ಮನಸ್ಸು ಬರಲಿಲ್ಲ, ಇನ್ನೂ ಎಂಟು ಸಿಟ್ಟಿಂಗ್ ಉಳಿದಿತ್ತಲ್ಲ.

ನನ್ನಿಂದ ಆಗುವುದು ಸ್ವಲ್ಪವೇ. ಆದರೂ ಆ ಎರಡು ಪುಟದ ಮಾಹಿತಿಯನ್ನೋ, ಒಪ್ಪಿಗೆ ಪತ್ರವನ್ನೋ ಕನ್ನಡದಲ್ಲಿ ಬರೆಯಲು, ರೋಗಿಗಳ ಪಕ್ಕ ಕೂತು ಓದಿ ಹೇಳಲು ಜನ ಬೇಕಾದರೆ ನಾನು ಬರುತ್ತೇನೆ. ನನ್ನ ಜೊತೆ ನಿವೃತ್ತರಾದ ಇನ್ನೂ ನಾಲ್ಕು ಜನ ಬರುತ್ತೇವೆ ಅಂದಿದ್ದಾರೆ. ಸಂಬಳ ಬೇಡ, ಬಸ್ ಚಾರ್ಜ್ ಕೊಟ್ಟರೆ ಸಾಕು.

ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುವ,

ಒಬ್ಬ ನಿವೃತ್ತ ರೇಡಿಯೋಥೆರಪಿ ಟೆಕ್ನಾಲಜಿಸ್ಟ್
ಉತ್ತರ ಕರ್ನಾಟಕ